ಗೋಣಿಚೀಲದೊಳಗಿನ ದನಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಗೆರೆ ಹಾಕಿದ ಹಾಳೆಯಲ್ಲೂ ಸಾಲು ಇಳಿಜಾರಿಗೆ ಜಾರುತ್ತದೆ. ಶಾಲೆಯನ್ನು ನಡುವೆ ಬಿಟ್ಟವಳಾದ್ದರಿಂದ ಒಳ್ಳೆಯ ಮಾತುಗಳೂ ಹೆಚ್ಚು ಗೊತ್ತಿಲ್ಲ. ಗೊತ್ತಿರುವಷ್ಟನ್ನೇ ಅಳಿಸಿ ಅಳಿಸಿ ಬರೆದಿದ್ದೇನೆ. ಇದು ನನ್ನ ಸೋದರಮಾವನ ಕಥೆ. ಎದುರಿಗಿದ್ದಾಗ ನಾನು ಅವರಿಗೆ ಬಹುವಚನವೇ ಕೊಡುವುದು. ಆದರೆ ಇಲ್ಲಿ ‘ಅವರು’ ಎಂದು ಬರೆದಾಗಲೆಲ್ಲ ಅವರು ಎಲ್ಲೋ ದೂರದಲ್ಲಿ ನಿಂತಂತೆ ಆಗುತ್ತಿತ್ತು. ಆದ್ದರಿಂದ ಬೀದಿಯವರೆಲ್ಲ ಕರೆಯುವಂತೆ ಚೀಲಣ್ಣ ಎಂದು, ಅವನು ಎಂದು ಬರೆದಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಇದರಲ್ಲಿ ಬರುವುದು ಅಕ್ಕನ ಮಗಳು ಎಂದಷ್ಟೇ. ಅವನ ಮನಸ್ಸಿನೊಳಗಿನದು ನನಗೆ ಹೇಗೆ ಗೊತ್ತು ಎಂದು ಕೇಳಿದರೆ, ಅವನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದ.

ಚೀಲಣ್ಣನ ನಿಜವಾದ ಹೆಸರು ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಈ ಹೆಸರು ಹೇಗೆ ಅಂಟಿಕೊಂಡಿತು ಎಂಬುದನ್ನು ಹೇಳದೆ ಮುಂದಕ್ಕೆ ಹೋಗುವಂತಿಲ್ಲ.

ಮದುವೆಗೆ ಮುಂಚೆ ಅವನು ಒಂದು ಗೇಮ್ ಕಂಪನಿಯಲ್ಲಿ ಶಬ್ದ ರೆಕಾರ್ಡ್ ಮಾಡುವ ಕೆಲಸಕ್ಕಿದ್ದ. ಕಂಪನಿ ಎಂದರೆ ಟೈರ್ ಅಂಗಡಿಯ ಮೇಲಿನ ಎರಡು ಕೋಣೆ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಒಳಗೆ ಹೋದರೆ ಕಾದ ಕಂಪ್ಯೂಟರುಗಳ ವಾಸನೆ. ಬಾಗಿಲು ಕಿರುಗುಟ್ಟುವುದು, ಕೋಳಿ ರೆಕ್ಕೆ ಬಡಿಯುವುದು, ತಟ್ಟೆ ಬೀಳುವುದು, ಕೆಸರಿನಲ್ಲಿ ಕಾಲು ಹೂತುಹೋಗುವುದು, ಈ ಎಲ್ಲ ಶಬ್ದಗಳನ್ನು ಚೀಲಣ್ಣ ಮೈಕಿನ ಮುಂದೆ ಹುಟ್ಟಿಸುತ್ತಿದ್ದ. ಕೆಸರು ಎಂದರೆ ಬಕೆಟ್ಟಿನಲ್ಲಿ ನೆನೆಹಾಕಿದ ಹಳೆಯ ಪತ್ರಿಕೆ. ಕೋಳಿಯ ರೆಕ್ಕೆ ಎಂದರೆ ಅವನದೇ ಮಳೆಯಂಗಿ.

ಆ ಎರಡು ಕೋಣೆಗಳಲ್ಲಿ ತಯಾರಾದದ್ದು ಒಂದೇ ಒಂದು ಗೇಮ್. ಓಡುವುದು, ಗುಂಡು ಹಾರಿಸುವುದು ಅದರಲ್ಲಿ ಇರಲಿಲ್ಲ. ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ, ಅಂಗಡಿಯದೋ ಅಡುಗೆಮನೆಯದೋ. ಮೌಸಿನ ಬಾಣವನ್ನು ಒಂದು ವಸ್ತುವಿನ ಮೇಲಿಟ್ಟು ಒತ್ತಿದರೆ ಕಥಾನಾಯಕ ಅದನ್ನು ಎತ್ತಿಕೊಳ್ಳುತ್ತಾನೆ. ಆಮೇಲೆ ಅದನ್ನು ಇನ್ನೊಂದು ವಸ್ತುವಿನ ಮೇಲೆ ಪ್ರಯೋಗಿಸಬೇಕು. ಸರಿಯಾದದ್ದು ಸರಿಯಾದ ಕಡೆ ಬಿದ್ದರೆ ಕಥೆ ಮುಂದಕ್ಕೆ ಸಾಗುತ್ತದೆ. ನಾಯಕ ಒಬ್ಬ ಪೆದ್ದು ಕಳ್ಳ, ಗುಂಡುಸೂಜಿಯನ್ನೂ ನೆಟ್ಟಗೆ ಕದಿಯಲು ಬಾರದವನು. ಅವನ ಹೆಗಲ ಮೇಲೆ ಒಂದು ಮಾತಾಡುವ ಗೋಣಿಚೀಲ. ಆಡುವವರು ಸರಿಯಾಗಿ ಮಾಡಿದಷ್ಟು ಹೊತ್ತು ಚೀಲ ತುಟಿ ಪಿಟಕ್ಕೆನ್ನುವುದಿಲ್ಲ. ತಪ್ಪು ಮಾಡಿದರೆ ಸಾಕು, ಬಾಯಿ ಬಿಚ್ಚಿ ಜಾಡಿಸುತ್ತದೆ. ಕೋಳಿಯ ಮೇಲೆ ಕೊಡೆಯನ್ನು ಪ್ರಯೋಗಿಸಿದರೆ, “ಕೋಳಿಗೆ ಕೊಡೆ ಹಿಡೀತೀಯಾ? ನಾಳೆ ಅದು ನಿನ್ನನ್ನೇ ಮೊಟ್ಟೆ ಇಡು ಅನ್ನುತ್ತೆ.” ಏಣಿಯನ್ನು ಒಳಗೆ ತುರುಕಲು ಹೋದರೆ, “ನಾನು ಚೀಲ ಕಣೋ, ಗೋದಾಮಲ್ಲ.” ಏನೂ ತೋಚದೆ ಸಿಕ್ಕಸಿಕ್ಕಿದ್ದನ್ನು ಒತ್ತುತ್ತ ಕೂತರೆ, “ಅದೂ ಆಗಲ್ಲ, ಇದೂ ಆಗಲ್ಲ. ಹೋಗಿ ಮುಖ ತೊಳ್ಕೊಂಡು ಬಾ.” ಆ ಗೇಮ್ ಕೊಂಡವರು ಅದನ್ನು ಮುಗಿಸುವುದಕ್ಕಿಂತ ಹೆಚ್ಚಾಗಿ ತಪ್ಪು ಮಾಡುವುದಕ್ಕೆಂದೇ ಆಡುತ್ತಿದ್ದರಂತೆ.

ಆ ಮಾತುಗಳನ್ನು ಬರೆದವರು ನಗೆಮೇಷ್ಟ್ರು. ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಬೇರೆಯವರು ಹೇಳಿದ ಜೋಕನ್ನು ತಿದ್ದುವ ಚಾಳಿ ಇತ್ತು, ಅದಕ್ಕೆ ಆ ಹೆಸರು. ತಾವು ಮಾತ್ರ ನಕ್ಕದ್ದನ್ನು ಯಾರೂ ಕಂಡಿಲ್ಲ. ಚೀಲದ ದನಿಗೆಂದು ಅವರು ನಾಟಕದವರನ್ನು ಕರೆಸಿ ನೋಡಿದರು. ಯಾರು ಮಾತಾಡಿದರೂ ಕೋಣೆಯಲ್ಲಿ ನಿಂತ ಮನುಷ್ಯ ಮಾತಾಡಿದಂತೆಯೇ ಇತ್ತು, ಚೀಲ ಮಾತಾಡಿದಂತೆ ಇರಲಿಲ್ಲ. ಚೀಲಣ್ಣ ಕೆಳಗಿಳಿದು ಹೋಗಿ, ಪಕ್ಕದ ದಿನಸಿ ಅಂಗಡಿಯಿಂದ ಒಂದು ಖಾಲಿ ಗೋಣಿಚೀಲ ತಂದ. ಕಂಬಳಿ ಹೊದಿಸಿದ ಬೀರುವಿನಂಥ ಗೂಡಿನಲ್ಲಿ ಕೂತು, ಚೀಲವನ್ನು ತಲೆಯಿಂದ ಎದೆಯ ತನಕ ಇಳಿಸಿಕೊಂಡು, ಮೈಕನ್ನು ಹೊರಗಿಟ್ಟು, ಒಳಗಿನಿಂದ ಬೈದ. ನಾರಿನ ಸಂದಿನಿಂದ ತೂರಿ ಬಂದ ಆ ದನಿಗೆ ಅರ್ಧ ಉಸಿರುಕಟ್ಟಿತ್ತು, ಅರ್ಧ ದರ್ಪವಿತ್ತು. ನಗೆಮೇಷ್ಟ್ರು ತಿದ್ದಲಿಲ್ಲ. ಅವರು ತಿದ್ದದೆ ಬಿಟ್ಟದ್ದು ಅದೊಂದನ್ನೇ ಎಂದು ಆಮೇಲೆ ಎಲ್ಲರೂ ಹೇಳಿದರು.

ಚೀಲದ ತುಂಬ ಹೊಟ್ಟು, ದೂಳು. ಒಂದು ಸಲ ಮಾತಿನ ನಡುವೆ ಅವನಿಗೆ ತಡೆಯಲಾಗದೆ ಸೀನು ಬಂತು. ಎಂಥ ಸೀನು ಎಂದರೆ ಕಂಬಳಿಯ ಮೊಳೆ ಕಿತ್ತು ಬಂತಂತೆ. ಬರೆದ ಮಾತುಗಳಲ್ಲಿ ಸೀನು ಇರಲಿಲ್ಲವಾದ್ದರಿಂದ ಅವನು ಅದನ್ನು ಬಾಗಿಲು, ಕೋಳಿ, ತಟ್ಟೆಗಳ ಶಬ್ದದ ಜೊತೆಗೆ ಸೇರಿಸಿಟ್ಟ. ಆಮೇಲೆ ನಗೆಮೇಷ್ಟ್ರು ಅದಕ್ಕೊಂದು ಜಾಗ ಮಾಡಿದರು: ಚೀಲದ ಮೇಲೆ ಕಾಳುಮೆಣಸಿನ ಪುಡಿ ಹಾಕಿದರೆ ಚೀಲ ಸೀನುತ್ತದೆ.

ಅಲ್ಲೇ ಒಬ್ಬ ಹುಡುಗಿ ಗೇಮನ್ನು ಪರೀಕ್ಷಿಸುವ ಕೆಲಸಕ್ಕಿದ್ದಳು. ಪ್ರತಿಯೊಂದು ವಸ್ತುವನ್ನೂ ಪ್ರತಿಯೊಂದರ ಮೇಲೂ ಪ್ರಯೋಗಿಸಿ, ಎಲ್ಲಿಯೂ ಗೇಮ್ ಸಿಕ್ಕಿಹಾಕಿಕೊಳ್ಳುವುದಿಲ್ಲ ಎಂದು ನೋಡುವುದು ಅವಳ ಕೆಲಸ. ಬೆಳಗಿನಿಂದ ಸಂಜೆಯ ತನಕ ಕಿವಿಯಲ್ಲಿ ಚೀಲದ ಬೈಗುಳ. “ಬೇರೆಯವರನ್ನು ಮದುವೆ ಆದ್ಮೇಲೆ ಬೈತಾರೆ, ನನ್ನನ್ನು ಮೊದಲೇ ಪೂರ್ತಿ ಬೈದು ಮುಗಿಸಿಬಿಟ್ರು. ಇನ್ನೇನು ಭಯ ಅಂತ ಕಟ್ಕೊಂಡೆ,” ಎಂದು ಅವಳು ನೆಂಟರ ಮುಂದೆ ಹೇಳುವುದುಂಟು. ಹೇಳುವುದಿತ್ತು ಎಂದು ಬರೆಯಬೇಕು. ಈಗ ಹೇಳುವುದಿಲ್ಲ.

ಗೇಮ್ ಸಿ.ಡಿ.ಯಲ್ಲಿ ಬಂತು, ಕೆಲವರು ಕೊಂಡರು, ಹಲವರು ಸ್ನೇಹಿತರಿಂದ ನಕಲು ಮಾಡಿಕೊಂಡರು, ಕಂಪನಿ ಬಾಗಿಲು ಮುಚ್ಚಿತು. ಗಂಡನಿಗೆ ಒಂದು ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು, ಹೆಂಡತಿಗೆ ಔಷಧಿ ಅಂಗಡಿಯ ಕೌಂಟರಿನಲ್ಲಿ. ಮನೆಯಲ್ಲಿ ಉಳಿದ ಒಂದೇ ಒಂದು ಸಿ.ಡಿ.ಯನ್ನು ಚೀಲಣ್ಣನೇ ದಾರ ಕಟ್ಟಿ ಬಾಲ್ಕನಿಯಲ್ಲಿ ತೂಗುಹಾಕಿದ. ಪಾರಿವಾಳಗಳು ಹೊಳಪಿಗೆ ಹೆದರಿ ಬರುವುದಿಲ್ಲ ಎಂದು ಯಾರೋ ಹೇಳಿದ್ದರು. ಬಿಸಿಲಿಗೆ ಅದರ ಬೆಳ್ಳಿ ಸಿಪ್ಪೆ ಎದ್ದಿತು. ಪಾರಿವಾಳಗಳು ಅದರ ಪಕ್ಕದಲ್ಲೇ ಕೂತು ಗೂಡು ಕಟ್ಟಿದವು.

ಹೆಂಡತಿ ಬಸುರಿಯಾಗಿದ್ದಾಗ ಅವನ ಗಂಟಲಲ್ಲಿ ನೋವು ಶುರುವಾಯಿತು. ಲಾಂಡ್ರಿಯ ಹಬೆ, ಸೋಪಿನ ಪುಡಿ ಎಂದುಕೊಂಡು ಅವನು ಬಿಸಿನೀರು ಕುಡಿದು ದಿನ ತಳ್ಳಿದ. ಡಾಕ್ಟರಿಗೆ ತೋರಿಸುವ ಹೊತ್ತಿಗೆ ಕಾಲ ಮಿಂಚಿತ್ತು, ಕ್ಯಾನ್ಸರ್ ಎಂದರು. ಮಗು ಹೆರಿಗೆ ಕೋಣೆಯಲ್ಲಿ ಮೊದಲ ಸಲ ಅಳುವಾಗ ಅಪ್ಪ ಬೇರೆ ಆಸ್ಪತ್ರೆಯ ಬೇರೆ ಮಂಚದ ಮೇಲೆ, ದನಿಪೆಟ್ಟಿಗೆ ಕಳೆದುಕೊಂಡು, ಕತ್ತಿನ ತೂತಿನಿಂದ ಉಸಿರಾಡುತ್ತಿದ್ದ. ಅವನ ಮಾತು ರೆಕಾರ್ಡಾಗಿ ಉಳಿದಿದ್ದ ಒಂದೇ ಫೋನನ್ನು ಆ ಓಡಾಟದಲ್ಲೇ ಬಸ್ಸಿನಲ್ಲಿ ಯಾರೋ ಎಗರಿಸಿದರು. ಮದುವೆಯ ವಿಡಿಯೋದಲ್ಲಿ ಅವನು ಬಾಯಿ ಆಡಿಸುತ್ತಾನೆ, ಮೇಲೆ ವಿಡಿಯೋದವನು ಹಾಕಿದ ಹಾಡು ಕೇಳಿಸುತ್ತದೆ.

ಆಸ್ಪತ್ರೆಯವರು ಟಾರ್ಚಿನಂಥ ಒಂದು ಯಂತ್ರ ಕೊಟ್ಟರು. ಅದನ್ನು ಕತ್ತಿಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಗುಂಯ್ ಎಂದು ಮಾತು ಬರುತ್ತದೆ. ಏರಿಲ್ಲ, ಇಳಿವಿಲ್ಲ, ಪ್ರೀತಿಯ ಮಾತೂ ಒಂದೇ, ಗ್ಯಾಸ್ ಮುಗಿದಿದೆ ಎನ್ನುವುದೂ ಒಂದೇ. ಮಗಳು ಪುಟ್ಟಿ ಅದಕ್ಕೆ ದುಂಬಿ ಎಂದು ಹೆಸರಿಟ್ಟಳು. ದುಂಬಿ ಗುಂಯ್‌ಗುಟ್ಟಿದರೆ ಓಡಿಹೋಗಿ ಅತ್ತೆಯ ಮಗಳ ಬೆನ್ನ ಹಿಂದೆ ಅಡಗುತ್ತಿದ್ದಳು. ಅವಳೇ ಆ ಅಕ್ಕನ ಮಗಳು. ಶಾಲೆ ಬಿಟ್ಟ ಮೇಲೆ ಪುಟ್ಟಿಯನ್ನು ನೋಡಿಕೊಳ್ಳಲೆಂದು ಆ ಮನೆಗೆ ಬಂದವಳು. ಒಂದು ಸಲ ಪುಟ್ಟಿ ದುಂಬಿಯನ್ನು ಬೂಟಿನೊಳಗೆ ಅಡಗಿಸಿಟ್ಟಳು. ಹುಡುಕಿ ಹುಡುಕಿ ಸುಸ್ತಾದ ಮೇಲೆ ಬೂಟಿನಲ್ಲಿ ಕಾಲಿಟ್ಟ ಚೀಲಣ್ಣ ಅದನ್ನು ತೆಗೆದು, ಒರೆಸಿ, ಜೇಬಿಗೆ ಹಾಕಿಕೊಂಡ. ಬೈಯಲಿಲ್ಲ. ಬೈಯಲು ಅದೇ ಯಂತ್ರ ಬೇಕಿತ್ತು. ಅಂದಿನಿಂದ ಮಗಳ ಎದುರು ಸ್ಲೇಟು, ಕೈಸನ್ನೆ ಅಷ್ಟೇ. ವಾರಕ್ಕೊಮ್ಮೆ ಮಾತು ಕಲಿಸುವ ಡಾಕ್ಟರಮ್ಮನ ಬಳಿ ಹೋಗಿ ದುಂಬಿಯಿಂದಲೇ ಸ್ವಲ್ಪ ಏರಿಳಿತ ತೆಗೆಯುವ ಅಭ್ಯಾಸ ಮಾತ್ರ ಬಿಡಲಿಲ್ಲ.

ಲಾಂಡ್ರಿಯಲ್ಲಿ ಅವನ ದನಿ ಹೋದದ್ದು ಯಾರಿಗೂ ದೊಡ್ಡ ವಿಷಯ ಆಗಲಿಲ್ಲ. ಅಲ್ಲಿ ಹೋಟೆಲುಗಳ ಹಾಸಿಗೆ ಬಟ್ಟೆಗಳು ಬರುತ್ತವೆ. ಇಬ್ಬರು ಎದುರುಬದುರು ನಿಂತು ಒದ್ದೆ ಬಟ್ಟೆಯ ನಾಲ್ಕು ಮೂಲೆ ಹಿಡಿದು ಕೊಡವಿ ಕಾದ ಇಸ್ತ್ರಿ ಉರುಳೆಯ ಬಾಯಿಗೆ ಕೊಡಬೇಕು. ಯಂತ್ರಗಳ ಗದ್ದಲದಲ್ಲಿ ಎಲ್ಲರೂ ಮೂಕರೇ, ಎಲ್ಲರದೂ ಕೈಸನ್ನೆಯೇ. ಎದುರು ನಿಲ್ಲುವ ಹಳಬ ಒಬ್ಬ, “ನೀನು ನಮ್ಮ ಭಾಷೆ ಈಗ ಸರಿಯಾಗಿ ಕಲಿತೆ ಚೀಲಣ್ಣ,” ಎಂದು ಅವನ ಕಿವಿಯ ಹತ್ತಿರ ಬಂದು ಕಿರುಚಿದ. ಅದು ಅವನ ರೀತಿಯ ಸಮಾಧಾನ.

ಹೀಗಿರುವಾಗ ನಗೆಮೇಷ್ಟ್ರಿಂದ ಫೋನು ಬಂತು. ಹಳೆಯ ಗೇಮ್‌ಗಳನ್ನು ಕೊಂಡು, ಬಣ್ಣ ಬಳಿದು, ಈಗಿನ ಕಂಪ್ಯೂಟರಿನಲ್ಲಿ ನಡೆಯುವಂತೆ ಮಾಡಿ ಆನ್‌ಲೈನಿನಲ್ಲಿ ಬಿಡುವ ಯಾವುದೋ ಕಂಪನಿ ಇವರ ಗೇಮನ್ನೂ ಬಿಟ್ಟಿದೆಯಂತೆ. ಸಿ.ಡಿ. ಬೇಡ, ಅಂಗಡಿ ಬೇಡ, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಬಹುದು. ಹೆಂಡತಿ ಇದನ್ನು ಹೇಳುವಾಗ ಚೀಲಣ್ಣ ಚಪಾತಿ ಮುರಿಯುತ್ತಿದ್ದವನು ಕೈ ಹಾಗೆಯೇ ನಿಲ್ಲಿಸಿದ. ಅವನಿಗೆ ಮೊದಲು ಹೊಳೆದದ್ದು ಒಂದೇ: ಪುಟ್ಟಿ ಅಪ್ಪನ ಗಂಟಲು ಕೇಳಬಹುದು.

ಆದರೂ ಅವನು ತಕ್ಷಣ ಕೊಳ್ಳಲು ಬಿಡಲಿಲ್ಲ. ರಿಯಾಯಿತಿ ಬರಲಿ ಎಂದು ಸ್ಲೇಟಿನ ಮೇಲೆ ಬರೆದ. ಇಂಥ ಗೇಮ್‌ಗಳನ್ನು ಆಡುವವರು ಪೂರ್ತಿ ಬೆಲೆ ಕೊಡುವುದಿಲ್ಲ, ಕಾಯುತ್ತಾರೆ, ಕಾದರೆ ಇಳಿಯುತ್ತದೆ ಎಂದು ವಿವರಿಸಿದ. ಹೆಂಡತಿ ಔಷಧಿ ಅಂಗಡಿಯಲ್ಲಿ ದಿನವೂ ರೋಗಿಗಳ ಮುಖ ನೋಡುವವಳು. ಇದು ದುಡ್ಡಿನ ಮಾತಲ್ಲ ಎಂದು ಅವಳಿಗೆ ಗೊತ್ತಾಯಿತು. ತನ್ನ ದನಿಯನ್ನು ಮತ್ತೆ ಕೇಳಲು ಅವನು ಹೆದರಿದ್ದ. ಕೇಳಿದ ಮೇಲೆ ಈ ಮೂಕತನ ಇನ್ನಷ್ಟು ಭಾರವಾದರೆ ಎಂದು ಅಕ್ಕನ ಮಗಳಿಗೆ ಒಂದು ದಿನ ಬರೆದು ತೋರಿಸಿ, ಅವಳು ಓದುತ್ತಿದ್ದಂತೆ ಅಂಗೈಯಿಂದ ಒರೆಸಿಬಿಟ್ಟ.

ಪುಟ್ಟಿಗೆ ಮಾತ್ರ ಮಾತು ಕೊಟ್ಟಿದ್ದ. ಸ್ಲೇಟಿನ ಮೇಲೆ ದೊಡ್ಡ ಅಕ್ಷರದಲ್ಲಿ, ‘ಅಪ್ಪನ ಹಳೇ ಗಂಟಲು ನಿನಗೆ ಕೇಳಿಸ್ತೀನಿ. ಅದು ಒಂದು ಚೀಲದಲ್ಲಿದೆ.’ ಪುಟ್ಟಿಗೆ ಅಕ್ಷರ ಕೂಡಿಸಿ ಓದುವಷ್ಟು ಬಂದಿತ್ತು. ಅಂದಿನಿಂದ ಮನೆಗೆ ತರಕಾರಿ ಚೀಲ ಬಂದರೆ ಅದಕ್ಕೆ ಕಿವಿ ಹಚ್ಚುವುದು, ಲಾಂಡ್ರಿಯ ಚೀಲ ಬಂದರೆ ಬಾಯಿ ಬಿಚ್ಚಿ ಒಳಗೆ ಕೂಗುವುದು. “ಇದರಲ್ಲಿ ಇಲ್ಲ,” ಎಂದು ಅಮ್ಮನಿಗೆ ವರದಿ ಒಪ್ಪಿಸುವುದು. ಅದನ್ನು ನೋಡಿ ಚೀಲಣ್ಣ ನಗುತ್ತಿದ್ದ. ಅವನ ನಗುವಿಗೂ ಶಬ್ದವಿಲ್ಲ, ಭುಜ ಮಾತ್ರ ಕುಣಿಯುತ್ತದೆ.

ರಿಯಾಯಿತಿ ಬಂತು. ಹೆಂಡತಿಯೇ ಮೊದಲು ನೋಡಿ, “ರೀ, ಇಳಿದಿದೆ ನೋಡಿ,” ಎಂದಳು. ಹಳೆಯ ಬೆಲೆಯ ಮೇಲೆ ಅಡ್ಡಗೆರೆ, ಕೆಳಗೆ ಒಂದು ಕಪ್ ಟೀಯ ಬೆಲೆ. ಅದೂ ಸಾಲದೆಂದು, ಬೇರೆ ಎರಡು ನಗೆ ಗೇಮ್‌ಗಳನ್ನು ಕೊಂಡರೆ ಇದು ಉಚಿತ ಎಂದು ಹಸಿರು ಪಟ್ಟಿಯಲ್ಲಿ ಬರೆದಿತ್ತು. “ನಮ್ಮ ಪ್ರಾಯವನ್ನು ಪುಕ್ಕಟೆ ಹಂಚ್ತಾ ಇದ್ದಾರೆ,” ಎಂದಳು ಅವಳು. ಚೀಲಣ್ಣ ಬೆಲೆಯನ್ನು ನೋಡಲೇ ಇಲ್ಲ. ಅವನು ಕೆಳಗೆ, ಆಡಿದವರು ಬರೆದ ಅಭಿಪ್ರಾಯಗಳನ್ನು ಓದುತ್ತಿದ್ದ. ಒಬ್ಬರು ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು ಎಂದಿದ್ದರು. ಇನ್ನೊಬ್ಬರು, ಆ ಚೀಲ ಇಲ್ಲದಿದ್ದರೆ ಈ ಗೇಮೇ ಇಲ್ಲ ಎಂದಿದ್ದರು. ಆ ಸಾಲಿನ ಮೇಲೆ ಬೆರಳಿಟ್ಟು ಅವನು ಹೆಂಡತಿಯ ಕಡೆ ನೋಡಿದ. ಅಷ್ಟು ವರ್ಷಗಳಲ್ಲಿ ಅವಳು ಆ ಮುಖ ಕಂಡಿರಲಿಲ್ಲ.

ಭಾನುವಾರ ಬೆಳಗ್ಗೆ ಎಲ್ಲರೂ ಮಂಚದ ಮೇಲೆ ಸೇರಿದರು. ಲ್ಯಾಪ್‌ಟಾಪು ಔಷಧಿ ಅಂಗಡಿಯವರು ಬೇಡವೆಂದು ಕೊಟ್ಟದ್ದು. ಅದರ ಮುಚ್ಚಳ ಹಿಂದಕ್ಕೆ ಬೀಳದಂತೆ ದಿಂಬನ್ನು ಒರಗಿಸಬೇಕು. ಚೀಲಣ್ಣ ಮುಖ ಕ್ಷೌರ ಮಾಡಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು, ಕತ್ತಿನ ತೂತು ಕಾಣದಂತೆ ಕರವಸ್ತ್ರ ಕಟ್ಟಿಕೊಂಡು ಬಂದಿದ್ದ. ಮೌಸು ಪುಟ್ಟಿಯ ಕೈಯಲ್ಲಿ. ಚಿತ್ರ ಬಂತು. ಅದೇ ಅಂಗಳ, ಅದೇ ಕೋಳಿ, ಗೋಡೆಗೆ ಒರಗಿದ ಅದೇ ಕೊಡೆ, ಬಣ್ಣ ಮಾತ್ರ ಹೊಸದು. ಕೋಳಿ ರೆಕ್ಕೆ ಬಡಿಯಿತು. ಅವನ ಮಳೆಯಂಗಿ. ಚೀಲಣ್ಣ ತನ್ನ ಎದೆ ಮುಟ್ಟಿ ತೋರಿಸಿ, ಅದು ನಾನೇ ಎಂದು ಸನ್ನೆ ಮಾಡಿದ.

“ಅಪ್ಪ ಕೋಳೀನಾ?” ಎಂದು ಪುಟ್ಟಿ ಕೇಳಿದಳು. ಎಲ್ಲರೂ ನಕ್ಕರು. ಅವನು ತಲೆ ಅಲ್ಲಾಡಿಸಿ ಚೀಲವನ್ನು ತೋರಿಸಿದ. ಆಮೇಲೆ ಕೊಡೆಯನ್ನು ತೋರಿಸಿದ, ಕೋಳಿಯನ್ನು ತೋರಿಸಿದ. ತಪ್ಪು ಮಾಡು ಎಂದು ಮಗಳಿಗೆ ಕಲಿಸಿಕೊಟ್ಟ.

ಪುಟ್ಟಿ ಒತ್ತಿದಳು. ಚೀಲ ಬಾಯಿ ತೆರೆಯಿತು. “ಕೋಳಿಗೆ ಕೊಡೆ ಹಿಡೀತೀಯಾ? ನಾಳೆ ಅದು ನಿನ್ನನ್ನೇ ಮೊಟ್ಟೆ ಇಡು ಅನ್ನುತ್ತೆ.”

ಮಾತು ಅದೇ. ದನಿ ಬೇರೆ ಯಾರದೋ.

ಎಳೆಯ ಗಂಡಸಿನ ದನಿ, ತೊಳೆದಿಟ್ಟ ಲೋಟದಂತೆ ಸ್ವಚ್ಛ. ಗಂಟಲನ್ನು ಬೇಕೆಂದೇ ಗೊಗ್ಗರು ಮಾಡಿಕೊಂಡು ಮಾತಾಡುತ್ತಿದ್ದ. ಕೊಡೆ ಎಂಬಲ್ಲಿ ಚೀಲಣ್ಣ ಒಂದು ಚಿಟಿಕೆ ಉಸಿರು ನಿಲ್ಲಿಸುತ್ತಿದ್ದ, ಈತ ಅದನ್ನು ತುಳಿದುಕೊಂಡೇ ಮುಂದಕ್ಕೆ ಹೋದ. ಶಬ್ದದ ಕೆಲಸ ಮಾಡಿದವನಿಗೆ ಅರೆಕ್ಷಣ ಸಾಕಿತ್ತು. ಇದು ಚೀಲದ ಹೊರಗೆ ನಿಂತವನ ದನಿ.

ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಷ್ಟರಲ್ಲಿ ಪುಟ್ಟಿ ಮಂಚದಿಂದ ಧುಮುಕಿ, ಗಿರಗಿರನೆ ಸುತ್ತಿ, ಮತ್ತೆ ಹತ್ತಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಪ್ಪನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತಿಳಿವಳಿಕೆ ಬಂದಾಗಿನಿಂದ ಅವಳು ಅವನ ಕತ್ತಿನ ಅಷ್ಟು ಹತ್ತಿರ ಯಾವತ್ತೂ ಬಂದಿರಲಿಲ್ಲ.

“ಇದು ನೀನಾ ಅಪ್ಪ? ನಿಜವಾಗ್ಲೂ ನೀನಾ?”

ಚೀಲಣ್ಣ ತಲೆಯಾಡಿಸಿದ. ಹೌದು ಎಂದು.

ಮಗು ಸ್ನಾನಕ್ಕೆ ಹೋದಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಯಾಕ್ರೀ ಹೌದು ಅಂದ್ರಿ?” ಎಂದು ಕೇಳಿದಳು. ಅವನು ಬಳಪ ತೆಗೆದುಕೊಂಡು ಬರೆದದ್ದು ಒಂದೇ ಪದ: ‘ನಕ್ಕಳು.’

ಅವಳು ನಗೆಮೇಷ್ಟ್ರಿಗೆ ಫೋನು ಮಾಡಿ, ಮಾತು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ದನಿ ಬದಲಾದದ್ದು ನಗೆಮೇಷ್ಟ್ರಿಗೂ ಗೇಮ್ ಬಿಡುಗಡೆಯಾದ ಮೇಲೆಯೇ ತಿಳಿದದ್ದು, ಇವರಿಗೆ ಹೇಳಲು ಬಾಯಿ ಬರಲಿಲ್ಲವಂತೆ. ಹೊಸ ಕಂಪನಿಯ ಶಬ್ದದವರು ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಕೇಳಿ ನೋಡಿದ್ದಾರೆ. ಕಳ್ಳನ ದನಿ ಚೆನ್ನಾಗಿದೆ, ಇಟ್ಟುಕೊಂಡಿದ್ದಾರೆ. ಚೀಲದ ದನಿ ಮಾತ್ರ ಹಾಳಾಗಿದೆ, ಮೈಕಿನ ಮೇಲೆ ಬಟ್ಟೆ ಬಿದ್ದ ಹಾಗೆ ಮಂಕಾಗಿದೆ, ಎಷ್ಟು ತೊಳೆದರೂ ತಿಳಿಯಾಗುತ್ತಿಲ್ಲ ಎಂದು ತೀರ್ಮಾನಿಸಿ ಹೊಸಬನಿಂದ ಹೇಳಿಸಿದ್ದಾರೆ.

“ಅದು ಹಾಳಾಗಿರಲಿಲ್ಲಮ್ಮ, ಅವನು ಗೋಣಿಚೀಲದೊಳಗೆ ಕೂತಿದ್ದ ಅಂತ ಅವರಿಗೆ ಹೇಳಿದೆ,” ಎಂದರು ನಗೆಮೇಷ್ಟ್ರು. “ಅವರು ಜೋಕು ಅಂದ್ಕೊಂಡ್ರು. ನಕ್ಕರು.”

ಹಳೆಯದನ್ನು ಉಳಿಸಿಕೊಂಡಿದ್ದಾರೆಯೇ ಎಂದು ಹೆಂಡತಿ ಕೇಳಿದಳು. ಹಾಳಾದದ್ದೆಂದು ಅಳಿಸಿಹಾಕಿದ್ದಾರೆ ಎಂದರು. ಮೂಲ ಟೇಪುಗಳು ಟೈರ್ ಅಂಗಡಿಯ ಮೇಲೆ ಉಳಿದಿದ್ದವು. ಆ ಕಟ್ಟಡ ಕೆಡವಿ ಎಷ್ಟೋ ಕಾಲವಾಯಿತು. ಆಗ ಸಿ.ಡಿ. ಕೊಂಡವರನ್ನೂ ಅವರು ವಿಚಾರಿಸಿದ್ದರಂತೆ, ಯಾರ ಬಳಿಯೂ ಓಡುವಂಥದ್ದು ಉಳಿದಿರಲಿಲ್ಲ. ಸೆಟ್ಟಿಂಗಿನಲ್ಲಿ ‘ಹಳೆಯ ಶಬ್ದ’ ಎಂದು ಒಂದು ಗುಂಡಿ ಇದೆ, ನೋಡಿ, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು. “ಮಾತು ಮಾತ್ರ ಹೋಯ್ತು. ಬಾಗಿಲು, ಕೋಳಿ, ತಟ್ಟೆ, ಅವೆಲ್ಲ ಅವನದೇ ಇವೆ. ಅವು ಚೆನ್ನಾಗಿವೆ ಅಂತ ಹೊಗಳಿದ್ರು,” ಎಂದು ಸೇರಿಸಿದರು. ಏನನ್ನೂ ತಿದ್ದಲು ಅವರಿಗೂ ತೋಚಲಿಲ್ಲ.

ಆ ಗುಂಡಿಯನ್ನು ಒತ್ತಿದ್ದು ಹೆಂಡತಿ. ಪುಟ್ಟಿ ಒದ್ದೆ ಕೂದಲಲ್ಲೇ ಬಂದು ಪಕ್ಕದಲ್ಲಿ ಕೂತಳು. ಕೊಡೆಯನ್ನು ಕೋಳಿಯ ಮೇಲೆ ಪ್ರಯೋಗಿಸಿದರು. ಚೀಲ ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಕೆಳಗೆ ಅಕ್ಷರಗಳು ಬಂದು ಹೋದವು. ಶಬ್ದವಿಲ್ಲ. ಹಳೆಯ ಶಬ್ದದಲ್ಲಿ ಚೀಲಕ್ಕೆ ಇಡಲು ಏನೂ ಉಳಿದಿರಲಿಲ್ಲವಾದ್ದರಿಂದ ಜಾಗವನ್ನು ಖಾಲಿ ಬಿಟ್ಟಿದ್ದರು.

ಪುಟ್ಟಿ ತುಂಬ ಗಮನವಿಟ್ಟು ನೋಡಿದಳು. ಆಮೇಲೆ ತಾನು ಕಂಡುಹಿಡಿದದ್ದನ್ನು ಎಲ್ಲರಿಗೂ ತಿಳಿಸಿದಳು. “ಇದು ಈಗಿನ ಅಪ್ಪ. ಅದು ಆಗಿನ ಅಪ್ಪ.” ಸ್ವಲ್ಪ ತಡೆದು, “ಆಗಿನ ಅಪ್ಪನ್ನೇ ಹಾಕಮ್ಮ,” ಎಂದಳು.

ಹೆಂಡತಿ ಗುಂಡಿಯನ್ನು ಮೊದಲಿನಂತೆ ಮಾಡಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಅಡುಗೆಮನೆಗೆ ಹೋದಳು.

ಸಂಜೆಯ ಹೊತ್ತಿಗೆ ಚೀಲಣ್ಣನಿಗೆ ಏನೋ ಹೊಳೆಯಿತು. ಎದ್ದು ಬಂದು ಮಗಳ ಪಕ್ಕ ಕೂತ. ನಗೆಮೇಷ್ಟ್ರ ಕೊನೆಯ ಮಾತು ಅವನ ತಲೆಯಲ್ಲಿ ಸುತ್ತುತ್ತಿತ್ತು: ಬಾಗಿಲು, ಕೋಳಿ, ತಟ್ಟೆ. ಆ ಸಾಲಿನಲ್ಲೇ ಅವನು ಇನ್ನೊಂದನ್ನು ಸೇರಿಸಿಟ್ಟಿದ್ದ. ಅವರ ಲೆಕ್ಕದಲ್ಲಿ ಅದು ಮಾತಲ್ಲ, ಆದ್ದರಿಂದ ಅಳಿಸಿರಲಾರರು. ಅವನು ಪುಟ್ಟಿಯ ಕೈಯ ಮೇಲೆ ಕೈಯಿಟ್ಟು ಮೌಸನ್ನು ನಿಧಾನವಾಗಿ ನಡೆಸಿದ. ಅಂಗಳದಿಂದ ಅಡುಗೆಮನೆಗೆ, ಅಡುಗೆಮನೆಯ ಗೂಡಿಗೆ, ಗೂಡಿನ ಮೂಲೆಯ ಕಾಳುಮೆಣಸಿನ ಡಬ್ಬಿಗೆ. ಡಬ್ಬಿ ಎತ್ತಿ ಚೀಲದ ಮೇಲೆ ತಂದು ಒತ್ತಿಸಿದ.

ಚೀಲ ಸೀನಿತು.

ಅದು ಅವನೇ. ನಾರಿನ ಸಂದಿನಿಂದ ತೂರಿ ಬಂದ, ದೂಳು ತುಂಬಿದ, ಕಂಬಳಿಯ ಮೊಳೆ ಕಿತ್ತ ಸೀನು. ಅಡುಗೆಮನೆಯಿಂದ ಹೆಂಡತಿ ಕೈಯಲ್ಲಿದ್ದ ಸೌಟಿನ ಸಮೇತ ಓಡಿಬಂದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಎರಡೂ ಒಟ್ಟಿಗೆ ಬಂದು ಏನು ಮಾಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತಳು. ಚೀಲಣ್ಣ ಮಗಳನ್ನೇ ನೋಡುತ್ತಿದ್ದ.

ಪುಟ್ಟಿ ಹುಬ್ಬು ಗಂಟಿಕ್ಕಿದಳು.

“ಇದ್ಯಾರು? ಇದು ಅಪ್ಪ ಅಲ್ಲ. ಯಾರೋ ಚೀಲದೊಳಗೆ ಕೂತಿದ್ದಾರೆ.”

ಅವನು ಮತ್ತೊಮ್ಮೆ ಒತ್ತಿಸಿದ. ಮತ್ತೆ ಸೀನು. ಅವಳಿಗೆ ಹೆದರಿಕೆಯಾಯಿತು, ಕೈ ಎಳೆದುಕೊಂಡಳು. ಆ ಡಬ್ಬಿ ಬೇಡ, ಕೊಡೆ ಕೊಡು ಎಂದಳು. ಕೊಡೆ ಕೋಳಿಯ ಮೇಲೆ ಬಿತ್ತು, ಅಪರಿಚಿತನೊಬ್ಬ ಸ್ವಚ್ಛವಾದ ಗಂಟಲಲ್ಲಿ ಬೈದ, ಮಗು ನಕ್ಕು ಅಪ್ಪನ ತೊಡೆಗೆ ಒರಗಿತು. ಆ ತೊಡೆಯನ್ನು ಅವನು ಅಲುಗಿಸಲಿಲ್ಲ.

ಆಮೇಲೆ ನಡೆದದ್ದು ಹೆಚ್ಚಿಲ್ಲ. ಡಾಕ್ಟರಮ್ಮನ ಬಳಿ ಹೋಗುವ ದಿನ ಬಂತು, ಚೀಲಣ್ಣ ಹೋಗಲಿಲ್ಲ. ಅದಕ್ಕೆ ಒಂದು ಕಾರಣವಿತ್ತು. ಹಿಂದಿನ ದಿನ ಅವನು ಧೈರ್ಯ ಮಾಡಿ ಮಗಳ ಎದುರು ದುಂಬಿಯನ್ನು ಕತ್ತಿಗೆ ಹಿಡಿದು, ಅಷ್ಟು ದಿನ ಕಲಿತ ಏರಿಳಿತವನ್ನೆಲ್ಲ ಹಾಕಿ, ಊಟಕ್ಕೆ ಬಾ ಎಂದಿದ್ದ. ಅವಳು ಈ ಸಲ ಓಡಿಹೋಗಲಿಲ್ಲ. “ಹಾಗಲ್ಲ ಅಪ್ಪ, ಚೀಲದ ಹಾಗೆ ಹೇಳು,” ಎಂದಳು, ಬಹಳ ಪ್ರೀತಿಯಿಂದ, ಅಕ್ಷರ ತಪ್ಪಿದ ಮಗುವಿಗೆ ತಿದ್ದಿ ಹೇಳುವಂತೆ. ಅವನು ಯಂತ್ರವನ್ನು ಅದರ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಬೀರುವಿನ ಮೇಲಿಟ್ಟ. ಅದು ಈಗಲೂ ಅಲ್ಲೇ ಇದೆ.

ಲಾಂಡ್ರಿಯಿಂದ ಬರುವಾಗ ಮೆಟ್ಟಿಲ ಮೇಲೇ ಅವನಿಗೆ ಆ ಹೊಸಬನ ದನಿ ಕೇಳಿಸುತ್ತದೆ. ಪುಟ್ಟಿ ಅಕ್ಕಪಕ್ಕದ ಮಕ್ಕಳನ್ನು ಕರೆದುಕೊಂಡು ಬಂದು ಕೂಡಿಸಿರುತ್ತಾಳೆ. “ಇದು ನಮ್ಮಪ್ಪ. ಆಗ ಹೀಗೆ ಮಾತಾಡ್ತಿದ್ರು,” ಎಂದು ಎಲ್ಲರಿಗೂ ಹೇಳುತ್ತಾಳೆ. ಚೀಲಣ್ಣ ಅವರ ಆಟ ಮುಗಿಯುವ ತನಕ ಮೆಟ್ಟಿಲ ತಿರುವಿನಲ್ಲಿ, ಕೆಳಗಿನ ಮನೆಯವರ ಸೈಕಲ್ಲಿನ ಪಕ್ಕ ನಿಂತಿರುತ್ತಾನೆ. ಮಕ್ಕಳು ಇಳಿದು ಹೋಗುವಾಗ ದಾರಿ ಬಿಡುತ್ತಾನೆ. ಒಂದು ದಿನ ಒಬ್ಬ ಹುಡುಗ ಅವನನ್ನು ನೋಡಿ, “ಅಂಕಲ್, ಗೋದಾಮಲ್ಲ ಅಂತ ಹೇಳಿ,” ಎಂದ. ಅವನು ತುಟಿ ಆಡಿಸಿದ. ಹುಡುಗ ಕಿವಿ ಕೊಟ್ಟು ಕಾದು, ಏನೂ ಕೇಳಿಸದೆ, ಇಳಿದು ಹೋದ.

ಮನೆಯಲ್ಲಿ ಸ್ಲೇಟಿನ ಕೆಲಸವೂ ಕಡಿಮೆಯಾಗಿದೆ. ಹೆಂಡತಿ ಕೇಳಿದ್ದಕ್ಕೆ ಹೌದು, ಇಲ್ಲ ಎಂದು ತಲೆಯಾಡಿಸುತ್ತಾನೆ. ಬಾಲ್ಕನಿಯಲ್ಲಿ ತೂಗುತ್ತಿದ್ದ ಸಿ.ಡಿ.ಯನ್ನು ಬಿಚ್ಚಿ ತಂದು, ಬೆಳಕಿಗೆ ಹಿಡಿದು, ಬಟ್ಟೆಯಿಂದ ಒರೆಸುತ್ತ ಕೂತಿದ್ದನ್ನು ಅವಳು ಒಂದು ಮಧ್ಯಾಹ್ನ ನೋಡಿದಳು. ಒರೆಸಿದ ಕಡೆಯೆಲ್ಲ ಬೆಳ್ಳಿ ಕಿತ್ತು ಬಟ್ಟೆಗೆ ಅಂಟಿಕೊಂಡು ಬರುತ್ತಿತ್ತು. ಅವಳು ಬಟ್ಟೆಯನ್ನು ಅವನ ಕೈಯಿಂದ ತೆಗೆದುಕೊಂಡಳು.

ಪುಟ್ಟಿಗೆ ನಿಜ ಹೇಳಿಬಿಡಲೇ, ಆ ಸೀನು ನಿಮ್ಮದೆಂದು ತಿಳಿಸಲೇ ಎಂದು ಅಕ್ಕನ ಮಗಳು ಅವನನ್ನು ಕೇಳಿದಳು. ಅವಳಿಗೆ ದೊಡ್ಡವರನ್ನು ಏನನ್ನಾದರೂ ಕೇಳುವುದೆಂದರೆ ಜೀವ ಬಾಯಿಗೆ ಬರುತ್ತದೆ, ಆದರೂ ಕೇಳಿದಳು. ಅವನು ಸ್ಲೇಟು ತೆಗೆದುಕೊಂಡ. ‘ಬೇಡ. ಅವಳು ಆ ದನಿಗೆ ಒಗ್ಗಿದ್ದಾಳೆ. ಅದನ್ನು ಕಿತ್ತುಕೊಂಡು ಸೀನು ಕೊಡಲಾ?’ ಎಂದು ಬರೆದ. ನಗೆಮೇಷ್ಟ್ರಾಗಿದ್ದರೂ ತಿದ್ದುತ್ತಿರಲಿಲ್ಲ ಎಂಬಂಥ ಮಾತು. ಅವನ ಭುಜ ಒಂದು ಸಲ ಕುಣಿಯಿತು. ಆಮೇಲೆ ಕುಣಿಯುವುದು ನಿಲ್ಲಲಿಲ್ಲ. ಅದು ನಗುವಲ್ಲ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಬೇಡ ಎಂದಿದ್ದಾರೆ, ಆದ್ದರಿಂದ ನಾನು ಪುಟ್ಟಿಗೆ ಏನೂ ಹೇಳುವುದಿಲ್ಲ. ನಾಳೆ ಅವಳು ಶಾಲೆಯಿಂದ ಬಂದ ಮೇಲೆ, ಮಾವ ಲಾಂಡ್ರಿಯಿಂದ ಬರುವುದರೊಳಗೆ, ನಾನು ಅವಳ ಪಕ್ಕ ಕೂತು, ಆ ಸೀನಿಗೂ ಅವಳು ಒಗ್ಗಲಿ ಎಂದು, ಚೀಲದ ಮೇಲೆ ಕಾಳುಮೆಣಸಿನ ಪುಡಿ ಹಾಕುತ್ತೇನೆ.